ಟೂತ್‌ಪೇಸ್ಟ್ ಹಚ್ಚಿದ ಪಾವಲಿ

ಅಪ್ಪಾ,

ಈ ಕಾಗದಕ್ಕೆ ಅಂಚೆಚೀಟಿ ದಂಡ, ನೀನಿರುವಲ್ಲಿಗೆ ಟೊಲಿಡೊದಿಂದ ಟಪಾಲು ಹೋಗುವುದಿಲ್ಲ. ಆದರೂ ಹೇಳದಿದ್ದರೆ ಹೊಟ್ಟೆ ಒಡೆದೀತು: ಇವತ್ತು ಬೆಳ್ಳಿ ಸಿಕ್ಕಿತು!

ಲಾಂಡ್ರಿಯ ಯಂತ್ರಗಳಲ್ಲಿ ಬಿದ್ದಿದ್ದ ಕಾಲು ಡಾಲರಿನ ಪಾವಲಿಗಳನ್ನು ಮೇಜಿನ ಮೇಲೆ ಸುರಿಯುತ್ತಿದ್ದೆ. ಅಷ್ಟರ ನಡುವೆ ಒಂದು ಮಾತ್ರ ಗಂಟೆಯಂತೆ ಕಿಣಿ ಎಂದಿತು. ನೀನು ಕಲಿಸಿದಂತೆ ಅಂಚು ನೋಡಿದೆ. ಈಗಿನವುಗಳಲ್ಲಿರುವ ತಾಮ್ರದ ಗೆರೆ ಇರಲಿಲ್ಲ, ಹಳೇ ಬೆಳ್ಳಿಯದೇ. 1941ರದು, ಮಸಿಯಂತೆ ಕಪ್ಪು. ಕುಣಿದುಬಿಟ್ಟೆ.

ಜೊತೆಗೆ ಕೆಲಸ ಮಾಡುವ ವಿಲ್ಡಾ ಬಂದು ನೋಡಿದಳು. "ಇದಕ್ಕಾ ಇಷ್ಟು ಕುಣಿತ? ಕೊಡಿಲ್ಲಿ, ಟೂತ್‌ಪೇಸ್ಟ್ ಹಾಕಿ ತಿಕ್ತೀನಿ, ಪಳಪಳ ಅನ್ನುತ್ತೆ."

"ಮುಟ್ಬೇಡ ಕಣೇ! ತಿಕ್ಕಿದ್ರೆ ಹಳೇ ನಾಣ್ಯದ ಬೆಲೆಯೇ ಹಾಳು!" ಎಂದು ಕಿರುಚಿದೆ. ಥೇಟ್ ನಿನ್ನ ದನಿ.

"ಅಯ್ಯೋ, ಲಾಂಡ್ರಿಯಲ್ಲಿದ್ಕೊಂಡು ತೊಳೀಬಾರ್ದು ಅಂತೀಯಲ್ಲೇ!" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಒಂಬತ್ತು ವರ್ಷದವಳಿದ್ದಾಗ, ನಿನ್ನ ಹುಟ್ಟುಹಬ್ಬಕ್ಕೆಂದು ನಿನ್ನ ಸಂಗ್ರಹದ 1941ರ ಪಾವಲಿಯನ್ನು ನಾನು ಹಾಗೆಯೇ ತಿಕ್ಕಿ ಹೊಳೆಸಿದ್ದೆ. ನೀನು ಕಿರುಚಿದೆ. ಆಮೇಲೆ ಎಷ್ಟು ಸಲ ಕರೆದರೂ ನಾಣ್ಯ ನೋಡಲು ನಾನು ನಿನ್ನ ಪಕ್ಕ ಕೂರಲಿಲ್ಲ.

ಸಂಜೆ, ಅಂದು ತಿಕ್ಕಿದ್ದನ್ನು ಕೊನೆಗೂ ಬದಲಿಸೋಣವೆಂದು ನಿನ್ನ ನಾಣ್ಯಗಳ ನೀಲಿ ಆಲ್ಬಮ್ ತೆರೆದೆ. ಸುತ್ತಲೂ ಕಪ್ಪಿಟ್ಟ ಬೆಳ್ಳಿ. 1941ರ ಕುಳಿಯಲ್ಲಿ ಮಾತ್ರ ನಾನು ಹಾಳುಮಾಡಿದ ಪಾವಲಿ ಮಿರಮಿರ ಮಿಂಚುತ್ತಿತ್ತು. ಕೊನೆಯ ಪುಟಕ್ಕೆ ನೀನು ಅಂಟಿಸಿದ್ದ ಲಕೋಟೆಯಲ್ಲಿ ಯಾರೂ ತಿಕ್ಕದ 1941ಗಳು ಮೂರಿದ್ದವು.

ಇವತ್ತು ಸಿಕ್ಕಿದ್ದನ್ನೂ ಆ ಲಕೋಟೆಗೇ ಹಾಕಿದೆ, ಅಪ್ಪಾ. ಈಗ ನಾಲ್ಕಾದವು.

ನಿನ್ನ
ಒಡೆಟ್