ಮೊದಲು ಕೈ, ಬೆನ್ನಿಗೆ ಮಾತು

ರಂಗಂಪೇಟೆ, ಸುರಪುರ
೧೨ ಆಗಸ್ಟ್ ೨೦೨೪

ಮಗನೇ ಮಾನಪ್ಪಾ,

ಅವ್ವನ ಆಶೀರ್ವಾದ. ಬೆನ್ನುನೋವು ಹೇಗಿದೆ? ಗೋವಾದ ಮಳೆಯಲ್ಲಿ ಟ್ಯಾಂಕರ್ ಓಡಿಸಿ ಬಂದು ಒದ್ದೆ ಬನಿಯನ್ನಿನಲ್ಲೇ ಮಲಗಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ, ಊರಿಗೆ ಬಂದಿದ್ದ ನಿನ್ನ ಗೆಳೆಯ ಬಸವಣ್ಣನ ಕೈಯಲ್ಲಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಮಾತು ಉದ್ದವಾಯಿತೆಂದರೆ 'ಟವರ್ ಇಲ್ಲಬೇ' ಎಂದು ಕತ್ತರಿಸಿಬಿಡುತ್ತಿ. ಕಾಗದಕ್ಕೆ ಆ ಗುಂಡಿ ಇಲ್ಲ. ಕೂತು ಓದು.

ನಿನ್ನ ಮಗಳು ಬಸವೇಶ್ವರಿಗೆ ನಾಲ್ಕು ತುಂಬಿದರೂ ಬಾಯಿಂದ 'ಆ' ಬಿಟ್ಟು ಬೇರೆ ಹೊರಡಲಿಲ್ಲವೆಂದು ನಾನೂ ನಿನ್ನ ಹೆಂಡತಿ ಸುಗಲಮ್ಮನೂ ಶಹಾಪುರದ ಜಹೀರುನ್ನೀಸಾ ಟೀಚರ ಹತ್ತಿರ ಒಯ್ದಿದ್ದು ನಿನಗೆ ಗೊತ್ತು. ಮಾತು ತಡವಾದ ಮಕ್ಕಳಿಗೆ ಕಲಿಸುವಾಕೆ. ಆಕೆ ಅಂದಳು: 'ಕಿವಿ ಚಲೋ ಅದಾವ್ರಿ, ತಿಳುವಳಿಕಿ ಚಲೋ ಐತಿ. ಬಾಯಿಗಷ್ಟ ದಾರಿ ಸಿಕ್ಕಿಲ್ಲ. ಅಲ್ಲೀತನಕ ಕೈ ಮಾತಾಡ್ಲಿ. ನೀವು ಬಾಯಿಲೆ ಹೇಳ್ಕೋತ ಕೈಲೆ ತೋರಸ್ರಿ.' ನನಗೆ ನಗು ಬಂತು. ನಾಟಕ ಕಂಪನಿಯಲ್ಲಿ ನಮ್ಮ ಮಾಸ್ತರರು ತಾಲೀಮಿನಲ್ಲಿ ಕೋಲು ಹಿಡಿದು ಕಲಿಸಿದ್ದು ಅದನ್ನೇ. ಮೊದಲು ಕೈ ಏಳಬೇಕು, ಅದರ ಬೆನ್ನಿಗೆ ಮಾತು ಬರಬೇಕು. ನಿನ್ನವ್ವ ಅರ್ಧ ಆಯುಷ್ಯ ರಾಣಿಯಾಗಿ ನಿಂತವಳು, ಸಣ್ಣದಾಗಿ ಸನ್ನೆ ಮಾಡಲು ಬರುತ್ತದೆಯೇ? ಟೀಚರು ಹೆಬ್ಬೆರಳನ್ನು ತುಟಿಗೆ ತಾಗಿಸಿ 'ನೀರು' ಎಂದರೆ, ನಾನು ಗಂಗೆಯನ್ನೇ ಕುಡಿಯುವವಳ ಹಾಗೆ ತೋಳೆತ್ತಿದೆ. ಕೂಸೂ ಹಾಗೇ ಕಲಿಯಿತು. 'ಯವ್ವಾ, ಈಕಿ ನೀರ ಕೇಳಾಕತ್ತಾಳೋ, ಸಮುದ್ರ ಕೇಳಾಕತ್ತಾಳೋ?' ಎಂದು ಟೀಚರು ನಕ್ಕಳು.

ಅಪ್ಪ ಎನ್ನಲು ನಾನು ಕಲಿಸಿದ್ದು ಮೀಸೆ ತಿರುವುವುದನ್ನು, ರಾಜ ರಂಗಕ್ಕೆ ಬರುವ ಠೀವಿಯಲ್ಲಿ. ನೀನು ವಿಡಿಯೋದಲ್ಲಿ ಕಂಡ ದಿನ ಎರಡೂ ಕೈಯಿಂದ ಇಲ್ಲದ ಮೀಸೆ ತಿರುವಿ ತಿರುವಿ ಕೂಸಿನ ಮುಖವೆಲ್ಲ ಹಲ್ಲಾಗಿತ್ತು. ನಿನ್ನ ಹಿಂದೆ ನಿಂತಿದ್ದ ಕೋಣೆಯ ಗೆಳೆಯರು ನಕ್ಕರು. 'ಮೂಕಿ ಏನಲೇ ನಿನ್ನ ಮಗಳು?' ಎಂದ ದನಿ ನನಗೂ ಕೇಳಿಸಿತು. ನೀನು ಅವನಿಗೆ ಒಂದು ಮಾತು ಅನ್ನಲಿಲ್ಲ, ಫೋನು ಇಟ್ಟೆ. ಅಂದಿನಿಂದ ವಿಡಿಯೋ ಬಂದ್, ಬರೀ ದನಿ. ಕೈಯಿಂದ ಮಾತಾಡುವ ಕೂಸಿಗೆ ಕೈ ಕಾಣದ ಫೋನು. ಮೇಲೆ ಹೆಂಡತಿಗೆ ಹುಕುಂ: 'ಬಾಯಿಲೆ ಕೇಳೋತನಕ ನೀರ ಕೊಡಬ್ಯಾಡ. ಕೈ ಎತ್ತಿದ್ರ ಹಿಡ್ಕೊಂಡು ಕೂಡು. ಸನ್ನಿ ರೂಢಿ ಆದ್ರ ಮಾತ ಬರಂಗಿಲ್ಲ.'

ಅದೇ ವಾರ ಏನಾಗಿತ್ತು, ಕೇಳು. ನೀರಿಗೆ ತೋಳೆತ್ತುವಾಗ ಕೂಸಿನ ಬಾಯಿಂದ 'ನೀ' ಹೊರಟಿತ್ತು. ಕೈಯ ಬೆನ್ನಿಗೆ ಮಾತು ಬರತೊಡಗಿತ್ತು. ಹೇಳೋಣವೆಂದರೆ ನಿನಗೆ ಟವರ್ ಇರಲಿಲ್ಲ. ಸುಗಲಮ್ಮ ಅಳುತ್ತಲೇ ಕೂಸಿನ ಕೈ ಹಿಡಿದು ಕೂತಳು. ಕೈ ಸುಮ್ಮನಾಯಿತು, ಹಿಂದೆಯೇ ಆ 'ನೀ' ಕೂಡ. ಆಮೇಲೆ ಈಕೆ ಯಾರನ್ನೂ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಬಚ್ಚಲಿನಲ್ಲಿ ಬಟ್ಟೆ ನೆನೆಹಾಕಿದ್ದ ಬಕೆಟ್ಟಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು, ಸೋಪಿನ ನೊರೆ ಸರಿಸಿ. ಆ ನೀರಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುತ್ತಿದ್ದ ದನಿ ನನ್ನದು. ಅಷ್ಟನ್ನೂ ನಿನ್ನ ಹೆಂಡತಿಯ ಮೇಲೆ ಬಿಟ್ಟೆ. ಆಮೇಲೆ ತಿಳಿಯಿತು, ಮಾತು ಆಕೆಯದಲ್ಲ. ನಾಟಕದ ಖಳನಾಯಕನಾದರೂ ರಂಗದ ಮೇಲೆ ಬಂದು ಜನರಿಂದ ಬೈಸಿಕೊಳ್ಳುತ್ತಾನೆ. ನೀನು ಪರದೆಯ ಹಿಂದೆ ನಿಂತು ಮಾತು ಹೇಳಿಕೊಟ್ಟು, ಬೈಗುಳವನ್ನು ಸುಗಲಮ್ಮನಿಗೆ ಬಿಟ್ಟೆ.

ಹೋದ ವಾರದಿಂದ ಮತ್ತೆ ಶಹಾಪುರಕ್ಕೆ ಹೋಗುತ್ತಿದ್ದೇವೆ, ಮೂವರೂ. ನಿನ್ನ ಅಪ್ಪಣೆ ಕೇಳಲು ಬರೆದಿಲ್ಲ. ಹೊತ್ತಿಗೆ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅವ್ವ,
ರೇಣುಕಾದೇವಿ

ತಾ.ಕ.: ಬಸವಣ್ಣ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಮೊನ್ನೆ ಟೀಚರು ನಿನ್ನ ಫೋಟೋ ತೋರಿಸಿ 'ಇವ್ರು ಯಾರವ್ವಾ?' ಎಂದಳು. ಕೂಸು ಮೀಸೆ ತಿರುವಲಿಲ್ಲ. ಅಂಗೈಯನ್ನು ಫೋನಿನ ಹಾಗೆ ಕಿವಿಗೆ ಹಚ್ಚಿ ಸ್ವಲ್ಪ ಹೊತ್ತು ಆಲಿಸಿ, ಕೆಳಗೆ ಇಟ್ಟುಬಿಟ್ಟಿತು. ಅದನ್ನು ನಾವ್ಯಾರೂ ಕಲಿಸಿಲ್ಲ. ಭಾನುವಾರ ವಿಡಿಯೋ ಹಚ್ಚು. ಆ ಗೆಳೆಯರ ಎದುರಿಗೇ ನೀನು ಮೊದಲು ಮೀಸೆ ತಿರುವು. ಅವಳಿಗೆ ನೆನಪಿದ್ದರೆ ಅವಳೂ ತಿರುವುತ್ತಾಳೆ. ಇಲ್ಲದಿದ್ದರೆ ನಾನು ನೆನಪು ಮಾಡಿಕೊಡುವುದಿಲ್ಲ.