ಗಂಡಿನ ಕಡೆಯವರು

ಸ್ಯಾಂಡ್ರಿಂಗಮ್, ಆಕ್ಲೆಂಡ್
೧೨ ಅಕ್ಟೋಬರ್ ೨೦೨೫

ಪ್ರೀತಿಯ ಮಾವನವರಿಗೆ ಸೊಸೆ ಸನೋಬರಳ ಸಲಾಂ.

ಮಂಡಿನೋವು ಹೇಗಿದೆ? ಸಕ್ಕರೆ ಹದ್ದುಬಸ್ತಿನಲ್ಲಿದೆಯಾ? ಹಲ್ವಾ ಡಬ್ಬಿ ಮಂಚದ ಕೆಳಗೆ ಹೋಗಿದೆ ಅಂತ ನಿಮ್ಮ ಮಗ ಸುಬ್ಹಾನ್ ಚಾಡಿ ಹೇಳಿದ. ಕಿವಿಗೆ ತಂದ ಮಷೀನು ಹಾಕಿಕೊಳ್ಳೋದೇ ಇಲ್ಲವಂತೆ. ಫೋನಿನಲ್ಲಿ ನಾನು ಕೂಗಿದರೆ ಪಕ್ಕದ ಮನೆಯವರು ಏನಾಯ್ತೋ ಅಂತ ಓಡಿ ಬರ್ತಾರೆ, ಅದಕ್ಕೇ ಈ ಕಾಗದ. ಫೋಟೋ ತೆಗೆದು ಸುಬ್ಹಾನನಿಗೆ ಕಳಿಸ್ತೇನೆ, ಅವನು ಪ್ರಿಂಟ್ ಹಾಕಿಸಿ ಕೊಡ್ತಾನೆ. ನಲವತ್ತು ವರ್ಷ ಕನ್ನಡ ಮೇಷ್ಟರಾಗಿದ್ದವರಿಗೆ ಬರೆಯೋದು ಅಂದರೆ ನನಗೆ ಈಗಲೂ ಹೆದರಿಕೆ. ತಪ್ಪಿಗೆ ಕೆಂಪು ಗೆರೆ ಎಳೀರಿ, ಆದರೆ ಮೊದಲು ಪೂರ್ತಿ ಓದಿ.

ಮೊದಲು ಒಳ್ಳೇ ಸುದ್ದಿ. ನಿಮ್ಮ ಮೊಮ್ಮಗಳು ತಸ್ನೀಮಳ ಮದುವೆ ಮುರಿದಿಲ್ಲ. ಅಲ್ಹಮ್ದುಲಿಲ್ಲಾಹ್! ಮುರಿಯೋ ಹಂತಕ್ಕೆ ಹೋಗಿತ್ತು ಅನ್ನೋದೇ ನಿಮಗೆ ಗೊತ್ತಿಲ್ಲ. ನಿಶ್ಚಿತಾರ್ಥದ ಫೋಟೋ ಎಲ್ಲಿ, ಎಲ್ಲಿ ಅಂತ ನೀವು ಕೇಳಿದಾಗಲೆಲ್ಲ ನಾನು ಇಂಟರ್ನೆಟ್ ಸರಿಯಿಲ್ಲ ಅಂತ ಸುಳ್ಳು ಹೇಳ್ತಾ ಬಂದೆ. ಈಗ ಎದೆ ಹಗುರಾಗಿದೆ, ಎಲ್ಲ ಹೇಳಿಬಿಡ್ತೇನೆ.

ತಸ್ನೀಮ್ ಲೂಕ್‌ನನ್ನು ಮೆಚ್ಚಿದ್ದಾಳೆ ಅಂದಾಗ ನೀವು ಕೇಳಿದ ಮೊದಲ ಮಾತು, ಹುಡುಗ ಯಾರ ಪೈಕಿ? ಕೆನಡಾದ ನೋವಾ ಸ್ಕೋಷಿಯಾದವನು, ದೋಣಿ ಇಂಜಿನ್ ರಿಪೇರಿ ಮಾಡ್ತಾನೆ, ಕಳೆದ ವರ್ಷ ಕಲಿಮಾ ಓದಿ ಮುಸ್ಲಿಮನಾಗಿದ್ದಾನೆ, ಫಜರ್ ನಮಾಜಿಗೆ ನಮಗಿಂತ ಮೊದಲು ಏಳ್ತಾನೆ, ಇಷ್ಟು ಹೇಳಿದರೂ ನಿಮಗೆ ಸಾಲದು. ಅವನನ್ನೇ ಕೇಳಿದೆ. ನಾನು ಮಿಗ್ಮಾ ಅಂದ. ಬಿಳಿಯರು ಹಡಗಿನಲ್ಲಿ ಬರೋಕೆ ಮುಂಚೆ ಆ ನೆಲದಲ್ಲಿದ್ದ ಜನ, ಇಲ್ಲಿ ಮಾವೊರಿಗಳು ಇದ್ದ ಹಾಗೆ. ನಿಮಗೆ ಅದೆಷ್ಟು ಖುಷಿ! ನೆಲ ಕಸಿದವರ ಪೈಕಿ ಅಲ್ಲ, ಕಳಕೊಂಡವರ ಪೈಕಿ ಅಂತ ಜುಮ್ಮಾ ನಮಾಜು ಮುಗಿಸಿ ಬಂದವರಿಗೆಲ್ಲ ಹೇಳಿದಿರಂತೆ. ನಾನೂ ಕಮ್ಮಿಯೇನಲ್ಲ, ಇಲ್ಲಿಯ ಆಂಟಿಯರ ಮುಂದೆಲ್ಲ ಕೊಚ್ಚಿಕೊಂಡೆ.

ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಅಂತ ಯಾರೂ ಇಲ್ಲ, ಅವನ ತಾಯಿಗೆ ಅಷ್ಟು ದೂರ ಬರೋಕಾಗಲ್ಲ. ನಮ್ಮ ಕಡೆ ಮನೆ ತುಂಬ ಜನ, ಎದುರಿಗಿನ ಸೋಫಾ ಖಾಲಿ ಇರುತ್ತಲ್ಲ ಅನ್ನೋದೇ ನನಗೆ ಚಿಂತೆ. ಬಳೆ ತೊಡಿಸೋಕೆ, ಬಾಯಿಗೆ ಸಿಹಿ ಇಡೋಕೆ ಆ ಕಡೆಯಿಂದ ಒಂದು ಹೆಣ್ಣು ಜೀವ ಬೇಡವಾ? ನೀವಿದ್ದಿದ್ದರೂ ಬೇಕೇ ಬೇಕು ಅಂತಿದ್ದಿರಿ. ಅಷ್ಟರಲ್ಲಿ ಇಲ್ಲೇ ಆಕ್ಲೆಂಡಿನ ಆಲ್ಬನಿಯ ಯೂನಿವರ್ಸಿಟಿಗೆ ಒಬ್ಬ ಮಿಗ್ಮಾ ಹೆಂಗಸು ಪಾಠ ಮಾಡೋಕೆ ಬಂದಿದ್ದಾರೆ ಅಂತ ಗೊತ್ತಾಯ್ತು. ಮ್ಯಾಡ್ಲಿನ್ ಅಂತ, ನನ್ನ ವಯಸ್ಸಿನವರೇ. ಯಾರಿಗೂ ಹೇಳದೆ ಬಸ್ ಹತ್ತಿ ಹೋಗಿ ಕರೆದು ಬಂದೆ. ನಿಮ್ಮ ಹುಡುಗನ ನಿಶ್ಚಿತಾರ್ಥ, ನೀವು ಗಂಡಿನ ಕಡೆ ಕೂರಬೇಕು ಅಂದೆ. ಪಾಪ, ಅವರಿಗೆ ಕಣ್ಣು ತುಂಬಿ ಬಂತು. ಲೂಕ್‌ಗೆ ಸರ್ಪ್ರೈಸ್ ಕೊಡೋಣ ಅನ್ನೋ ನನ್ನ ಬುದ್ಧಿಗೆ ಏನು ಹೇಳಲಿ!

ಅವರು ಬಂದರು, ಮಣಿ ಪೋಣಿಸಿದ ಕಿವಿಯೋಲೆ ಹಾಕಿಕೊಂಡು, ತಸ್ನೀಮಳಿಗೂ ಅಂಥದ್ದೇ ಒಂದು ಜೊತೆ ತಗೊಂಡು. ಲೂಕ್‌ನ ಪಕ್ಕ ಕೂತು ಕೈ ಹಿಡಿದು ಯಾವ ಊರು, ಯಾರ ಮಗ, ಅಜ್ಜಿ ಯಾರು ಅಂತ ವಿಚಾರಿಸೋಕೆ ಶುರು ಮಾಡಿದರು. ನಿಮ್ಮದೇ ಪ್ರಶ್ನೆ ಮಾವ, ಜಗತ್ತಿನ ಆ ಮೂಲೆಯಲ್ಲೂ ಅದನ್ನೇ ಕೇಳ್ತಾರೆ ನೋಡಿ! ಹುಡುಗ ಬೆವತು ಹೋದ. ಕೊನೆಗೆ ಬಾಯಿಬಿಟ್ಟದ್ದು ಇಷ್ಟು. ಅವನ ಮನೆಯವರು ಅಕೇಡಿಯನ್ನರು, ನಾನೂರು ವರ್ಷದ ಹಿಂದೆ ಫ್ರಾನ್ಸಿನಿಂದ ಹೋಗಿ ನೆಲೆಸಿದವರು. ಆ ಕಾಲದಲ್ಲಿ ಯಾವಳೋ ಒಬ್ಬಳು ಮಿಗ್ಮಾ ಹೆಣ್ಣು ಆ ಮನೆ ಸೇರಿದ್ದಳಂತೆ. ಅಷ್ಟೇ. ಇವನು ಮಿಗ್ಮಾ ಜನರ ಮನೆಯ ಹೊಸಿಲು ತುಳಿದವನೇ ಅಲ್ಲ.

ಮ್ಯಾಡ್ಲಿನ್ ಗದರಲಿಲ್ಲ. ಗದರಿದ್ದರೇ ವಾಸಿಯಿತ್ತು. ಇಂಗ್ಲಿಷರು ನಿಮ್ಮವರನ್ನು ಹಡಗಿಗೆ ತುಂಬಿ ಓಡಿಸುವಾಗ ಸಿಕ್ಕಷ್ಟು ಜನರನ್ನು ಕಾಡಿನಲ್ಲಿ ಬಚ್ಚಿಟ್ಟು ಅನ್ನ ಹಾಕಿದವರು ನಾವು, ಆಗ ನೀವು ನಮ್ಮ ನೆರೆಯವರಾಗಿದ್ದಿರಿ, ಈಗ ನಮ್ಮ ಹೆಸರೇ ಯಾಕೆ ಬೇಕು, ಅಂದರು. ಹಾಗೆ ಹೇಳ್ಕೊಂಡು ಮಿಗ್ಮಾ ಜನಕ್ಕೆ ಸಲ್ಲಬೇಕಾದ್ದನ್ನು ತಗೊಳ್ಳೋರು ಅಲ್ಲಿ ಈಗ ಬಹಳ ಜನ ಇದ್ದಾರಂತೆ. ಅವರು ಎದ್ದು ಹೋದರು. ಲೂಕ್ ತಲೆ ತಗ್ಗಿಸಿಕೊಂಡು ಹೋದ. ತಸ್ನೀಮ್ ಅವನು ಕೊಟ್ಟಿದ್ದ ಉಂಗುರ ಬಿಚ್ಚಿ ನನ್ನ ಕೈಗಿಟ್ಟಳು. ಇವತ್ತು ಅಜ್ಜಿ ವಿಷಯದಲ್ಲಿ ಸುಳ್ಳು, ನಾಳೆ ಯಾವುದರಲ್ಲಿ ಅಂತ ಅವಳ ಮಾತು. ಆಮೇಲೆ ಹುಡುಗಿ ಮಾತೇ ಬಿಟ್ಟಳು ಮಾವ, ಅವಳ ಅಪ್ಪ ಮುಬಶ್ಶಿರ್ ತೀರಿಕೊಂಡಾಗ ಹೇಗಿದ್ದಳೋ ಹಾಗೆ. ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತಿದ್ದೆ.

ನಿಮ್ಮ ಮೇಲೂ ಸಿಟ್ಟು ಬಂತು, ಇದನ್ನೂ ಹೇಳಿಬಿಡ್ತೇನೆ. ನಾವು ಅರಬರ ಹಡಗಿನಿಂದ ಇಳಿದವರು ಅಂತ ನೀವು ಎದೆ ಸೆಟೆಸಿ ಹೇಳ್ತೀರಲ್ಲ, ಆ ಹಡಗಿನಲ್ಲಿ ಹೆಂಗಸರೂ ಬಂದಿದ್ದರಾ? ನಮ್ಮ ಹೊನ್ನಾವರದ ಯಾರೋ ಒಬ್ಬಳು ಬಾಗಿಲು ತೆಗೆದು ಗಂಜಿ ಬಡಿಸಿದ್ದಕ್ಕೇ ತಾನೇ ನಾವೆಲ್ಲ ಇರೋದು? ಅವಳ ಹೆಸರು ನಿಮಗೂ ಗೊತ್ತಿಲ್ಲ. ಲೂಕ್ ಒಬ್ಬ ಅಜ್ಜಿಯನ್ನು ಹಿಡಕೊಂಡು ಉಳಿದವರನ್ನೆಲ್ಲ ಬಿಟ್ಟ, ನಾವು ಒಬ್ಬ ಅಜ್ಜನನ್ನು ಹಿಡಕೊಂಡು ಅಜ್ಜಿಯನ್ನೇ ಬಿಟ್ಟೆವು. ಸಿಟ್ಟಾಗಬೇಡಿ, ನಾನೂ ನಿಮ್ಮದೇ ಮನೆಯವಳು.

ಕಳೆದ ಭಾನುವಾರ ಲೂಕ್ ಬಂದ. ಅವತ್ತು ಯಾರ್ಯಾರ ಮುಂದೆ ಮರ್ಯಾದೆ ಹೋಗಿತ್ತೋ ಅವರನ್ನೆಲ್ಲ ತಾನೇ ಫೋನ್ ಮಾಡಿ ಕರೆದಿದ್ದ. ಮೊದಲು ಆಲ್ಬನಿಗೆ ಹೋಗಿ ಮ್ಯಾಡ್ಲಿನ್ ಹತ್ತಿರ ತಪ್ಪಾಯ್ತು ಅಂದು ಬಂದಿದ್ದನಂತೆ. ನಮ್ಮ ನಡುಮನೆಯಲ್ಲಿ ನಿಂತು, ನಾನು ಅಕೇಡಿಯನ್, ಮಿಗ್ಮಾ ಜನ ನಮ್ಮವರ ಪ್ರಾಣ ಉಳಿಸಿದರು, ನಾನು ಅವರ ಹೆಸರು ಕದ್ದೆ, ಇಲ್ಲಿ ಬರೀ ಇನ್ನೊಬ್ಬ ಬಿಳಿಯನಾಗಿ ನಿಮ್ಮ ಮನೆಗೆ ಬರೋಕೆ ನಾಚಿಕೆಯಾಗಿತ್ತು, ಅಂದ. ನಿಮ್ಮ ಮೊಮ್ಮಗಳು, ಇಷ್ಟು ಹೇಳೋಕೆ ಏನಾಗಿತ್ತು ಧಾಡಿ, ಅಂತ ಅಚ್ಚ ಕನ್ನಡದಲ್ಲಿ ಬೈದು ಜೋರಾಗಿ ಅತ್ತಳು. ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಸಾರಿ ಅಂದ. ಅಬ್ಬಾ, ನನಗೆ ಹೋದ ಜೀವ ಬಂದ ಹಾಗಾಯ್ತು! ಮ್ಯಾಡ್ಲಿನ್ ತಡವಾಗಿ ಬಂದರು, ಮತ್ತೆ ಅದೇ ಸೋಫಾದಲ್ಲಿ ಕೂತರು. ಹಳೇ ನೆರೆಯವರು ಗಂಡಿನ ಕಡೆ ಕೂರಬಹುದು ತಾನೇ ಅಂತ ನನ್ನನ್ನೇ ಕೇಳಿ, ಬಳೆ ತೊಡಿಸಿದರು. ಆ ರಾತ್ರಿ ನಾನು ಕಲ್ಲಿನ ಹಾಗೆ ನಿದ್ದೆ ಮಾಡಿದೆ.

ಸುಬ್ಹಾನನಿಗೆ, ಅವನ ಹೆಂಡತಿಗೆ ಸಲಾಂ, ಮಕ್ಕಳಿಗೆ ಮುತ್ತು. ನಿಮ್ಮ ದುವಾ ನಮ್ಮ ಮೇಲಿರಲಿ.

ನಿಮ್ಮ
ಸನೋಬರ್

ಮರೆತೆ. ಮರೆತದ್ದೇನಲ್ಲ, ಬರೆಯೋಕೆ ಧೈರ್ಯ ಬರಲಿಲ್ಲ. ಇಲ್ಲಿ ಮದುವೆಗೆ ಬುಕ್ ಮಾಡಿದ್ದ ಹಾಲ್ ಕ್ಯಾನ್ಸಲ್ ಮಾಡಿದ್ದೇವೆ. ತಂದೆಯಿಲ್ಲದ ಹುಡುಗಿಗೆ ತಾತನೇ ವಲಿ, ನಿಕಾಹಿಗೆ ಒಪ್ಪಿಗೆ ಕೊಡಬೇಕಾದವರು, ನೀವು ಫೋನಿನಲ್ಲಿ ಒಪ್ಪಿದರೆ ಸಾಕು ಅಂತ ನಾನು ಹೇಳಿದೆ. ಲೂಕ್ ಕೇಳಲಿಲ್ಲ. ಹೋಗದೆ, ಕೇಳದೆ ಒಂದು ಮನೆಯವನು ಅಂತ ಹೇಳ್ಕೊಂಡದ್ದು ಒಂದು ಸಲ ಸಾಕು ಅಂತಾನೆ. ಡಿಸೆಂಬರಿನಲ್ಲಿ ಮೂವರೂ ಹೊನ್ನಾವರಕ್ಕೆ ಬರ್ತಿದ್ದೇವೆ. ಅವನು ಅಕೇಡಿಯನ್, ಬೇರೇನೂ ಅಲ್ಲ, ಹಾಗೇ ನಿಮ್ಮ ಎದುರು ನಿಂತು ಹುಡುಗಿ ಕೇಳ್ತಾನೆ. ಬೇಡ ಅನ್ನೋದಾದರೆ ಈಗಲೇ ಬರೆದುಬಿಡಿ ಮಾವ. ಅಷ್ಟು ದೂರ ಬಂದವನನ್ನು ಹೊಸಿಲಾಚೆ ನಿಲ್ಲಿಸಬೇಡಿ.