ಅವಳು ಕತ್ತರಿಸಿದ ಕಾಲರ್

ಮಾರ್ಚ್ ೪, ಸೋಮವಾರ
ಹೊಲಿಗೆ ಕೋಣೆಯ ಬೀಗ ತೆಗೆದೆ. ಮಷಿನ್‌ಗಳಿಗೆಲ್ಲ ಎಣ್ಣೆ ಹಾಕಿದೆ. ಹೆಂಡತಿ ಲುಂಬಿನಿಯ ಮಷಿನ್ನಿಗೂ. ಅವಳು ತೀರಿಕೊಂಡ ಮೇಲೆ ಅದನ್ನು ಓಡಿಸುವವರಿಲ್ಲ, ಆದರೂ.
ವಾಡಿಯಿಂದ ತಮ್ಮ ಸಂಘಪಾಲನ ಫೋನು. ಕಲ್ಲು ಪಾಲಿಷ್ ಮಾಡುವಲ್ಲಿ ವಾಚ್‌ಮನ್ ಕೆಲಸ ಇದೆ, ಒಂದನೇ ತಾರೀಖಿಗೆ ಬಾ ಎಂದ. ಹೂಂ ಎಂದೆ. ಸೇಡಂ ಬಿಟ್ಟು, ಅವಳ ಈ ಕೋಣೆ ಬಿಟ್ಟು ಹೊರಬಿದ್ದರೆ ಸಾಕು.
ಹೊಲಿಯುವ ನಾಲ್ವರು ಹೆಂಗಸರಿಗೆ ನಾಳೆ ಹೇಳಬೇಕು.

ಮಾರ್ಚ್ ೬
ಹೇಳಲಿಲ್ಲ.
ಗುತ್ತಿಗೆದಾರ ಅಬ್ದುಲ್ ಕರೀಮ್ ಗಂಟು ತಂದು ಮೇಜಿನ ಮೇಲೆ ಹಾಕಿದರು. ಕೋಡ್ಲಾ ಸಿಮೆಂಟ್ ಕಾರ್ಖಾನೆಯ ಕೂಲಿಯವರಿಗೆ ನಾವು ಹೊಲಿದ ಖಾಕಿ ಅಂಗಿಗಳು.
“ಅಂಗಿಗೊಂದು ಥರ ಕಾಲರ್ ಅದ ದೇವಿಂದ್ರ. ಒಂದು ಆನಿ ಕಿವಿ, ಒಂದು ಇಲಿ ಕಿವಿ. ಇಪ್ಪತ್ತನೇ ತಾರೀಖಿನೊಳಗ ಸರಿ ಮಾಡ್ರಿ. ಇಲ್ಲಂದ್ರ ಸೋಲಾಪುರದಿಂದ ತರಸ್ತೀನಿ. ಅಲ್ಲಿ ರೇಟೂ ಕಡಿಮಿ.”
ತಪ್ಪು ಹೊಲಿದ ಹೆಂಗಸರದಲ್ಲ. ಕಾಲರೆಲ್ಲ ಲುಂಬಿನಿಯೇ ಕತ್ತರಿಸುತ್ತಿದ್ದಳು. ಟೇಪಿಲ್ಲ, ಅಚ್ಚಿಲ್ಲ. ಸೀಮೆಸುಣ್ಣದಲ್ಲಿ ಒಂದೇ ಗೆರೆ. ಆ ಗೆರೆ ನಮಗ್ಯಾರಿಗೂ ಬರುವುದಿಲ್ಲ.

ಮಾರ್ಚ್ ೯
ಲುಂಬಿನಿಯ ತಮ್ಮ ಪ್ರಬುದ್ಧ ಹೈದರಾಬಾದಿನಿಂದ ಬಂದ. ಅಲ್ಲಿ ಗಾರ್ಮೆಂಟ್ಸ್‌ನಲ್ಲಿದ್ದಾನೆ.
“ಭಾವ, ಒಬ್ಬಾಕಿನೇ ಪೂರಾ ಅಂಗಿ ಹೊಲಿಯೋದು ಬಿಡಸ್ರಿ. ಒಬ್ಬಾಕಿ ತೋಳು, ಒಬ್ಬಾಕಿ ಕಾಲರ್. ಕೈಯಿಂದ ಕೈಗಿ ಹೋಗ್ಲಿ. ಆಗ ಸೋಲಾಪುರದ ರೇಟಿಗಿ ನಿಂದರಬಹುದು.”
ಮಷಿನ್‌ಗಳನ್ನು ಸಾಲಾಗಿ ಇಟ್ಟೆವು. ಕಟಿಂಗ್ ನನ್ನ ಪಾಲಿಗೆ. ಹಿರಿಯಳು ಸುಂದರಮ್ಮ ತೋಳು ಹಚ್ಚಿದವಳು, ಎದ್ದು ಅಂಗಿಯ ಹಿಂದೆಯೇ ನಡೆದಳು.
“ಎಲ್ಲಿಗಿ ಹೊಂಟ್ರಿ ಅಕ್ಕೋರ?” ಪ್ರಬುದ್ಧ ಕೇಳಿದ.
“ನನ್ನ ತೋಳು ಯಾರ ಕೈಗಿ ಬೀಳ್ತದ ನೋಡಬ್ಯಾಡೇನೋ ತಮ್ಮ? ಮಗಳ್ನ ಕೊಟ್ಟಂಗ ಆಗ್ಯಾದ ನನಗ.”
ಎಲ್ಲರೂ ನಕ್ಕರು. ಈ ಕೋಣೆ ನಗು ಮರೆತಿತ್ತು.
ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಒಬ್ಬರು ಎದ್ದರೆ ಎಲ್ಲರೂ ನಿಲ್ಲಬೇಕು.
ಕಾಲರಿಗೆ ರಟ್ಟಿನ ಅಚ್ಚು ಬೇಕಂತೆ. ಅಕ್ಕ ಹೊಲಿದ ಅಂಗಿ ಒಂದಿದ್ದರೆ ಬಿಚ್ಚಿ ಅಳತೆ ತೆಗೆಯಬಹುದು ಎಂದ. ಎಲ್ಲರೂ ನನ್ನ ಕುತ್ತಿಗೆ ನೋಡಿದರು.
ನನ್ನ ಹಳೆಯ ಅಂಗಿಗಳು ಒಗೆದು ಒಗೆದು ಜಗ್ಗಿವೆ. ಮೈಮೇಲಿನ ಇದೊಂದೇ ಹೊಸದು. ಅವಳು ಕೊನೆಗೆ ಹೊಲಿದದ್ದು.

ಮಾರ್ಚ್ ೧೦
ಹಳೇ ಅಂಗಿ ಹಾಕಿಕೊಂಡು ಹೋದೆ. ಹೊಸದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ.

ಮಾರ್ಚ್ ೧೪
ಕೊಟ್ಟೆ.
ಸುಂದರಮ್ಮ ಬ್ಲೇಡು ಬದಿಗಿಟ್ಟು ಸೂಜಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಕಾಲರಿನ ಒಳಗೆ ಗಟ್ಟಿಗೆಂದು ಹಾಕುವ ಕ್ಯಾನ್ವಾಸ್ ಇರಲಿಲ್ಲ. ಹಿಟ್ಟಿನ ಚೀಲದ ಬಟ್ಟೆ.
“ಮಂದಿಗಿ ಕ್ಯಾನ್ವಾಸ್, ಗಂಡಗ ಹಿಟ್ಟಿನ ಚೀಲ. ಭಾಳ ಶಾಣ್ಯಾಕಿ ಇದ್ಳು,” ಎಂದಳು.
ನಾನೂ ನಕ್ಕೆ. ಆಮೇಲೆ ಹೊರಗೆ ಹೋಗಿ ನಿಂತೆ.
ಪ್ರಬುದ್ಧ ರಟ್ಟಿನ ಮೇಲೆ ಗೆರೆ ಎಳೆದು ಕತ್ತರಿಸಿದ. ಅಂಗಿ ತಿರುಗಿ ಜೋಡಿಸಿ ಕೊಡ್ತೀನಿ ಎಂದಳು ಸುಂದರಮ್ಮ. ಬೇಡ ಎಂದೆ. ಆಗ ಅದು ಇವಳ ಹೊಲಿಗೆಯಾಗುತ್ತದೆ.

ಮಾರ್ಚ್ ೨೦
ಅಂಗಿಗಳು ಪಾಸಾದವು. ಅಬ್ದುಲ್ ಕರೀಮ್ ಕಾಲರ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು.
“ಶಹಾಬಾದ್, ಚಿತ್ತಾಪುರದ್ದೂ ಇನ್ನ ನೀವೇ ಹೊಲೀರಿ. ವರ್ಷದ ಕೆಲಸ. ಕಟಿಂಗಿಗಿ ಮಾತ್ರ ನೀವೇ ನಿಂದರಬೇಕು ದೇವಿಂದ್ರ.”
ನಾನು ಬಾಯಿ ತೆರೆಯುವ ಮೊದಲೇ ನಾಲ್ವರೂ ಹೂಂ ಎಂದರು.
ಸಂಘಪಾಲನ ಫೋನು ಬಂತು. ಎತ್ತಲಿಲ್ಲ.

ಏಪ್ರಿಲ್ ೧, ಬೆಳಿಗ್ಗೆ, ಬಸ್ ನಿಲ್ದಾಣ
ಬೀಗದ ಕೈ ಸುಂದರಮ್ಮನ ಮನೆಯಲ್ಲಿ ಕೊಟ್ಟು ಬಂದಿದ್ದೇನೆ. ವಾಡಿಗೆ ಎಂದು ಹೇಳಲಿಲ್ಲ. ಕೈಚೀಲದಲ್ಲಿ ಎರಡು ಅಂಗಿ.
ಕೋಡ್ಲಾದ ಪಾಳಿ ಬಿಟ್ಟಿದೆ. ಖಾಕಿಯವರು ಇಳಿಯುತ್ತಿದ್ದಾರೆ. ಪ್ರತಿ ಕುತ್ತಿಗೆಗೂ ಅವಳ ಗೆರೆ. ಚಹಾ ಕುಡಿಯುವವನಿಗೆ, ಬೀಡಿ ಹಚ್ಚುವವನಿಗೆ... ಕಣ್ಣು ಎಲ್ಲಿಡಲಿ. ನಾಳೆ ಶಹಾಬಾದಿನಲ್ಲೂ ಇದೇ.
ಫೋನು. ಸುಂದರಮ್ಮ.
“ಎಲ್ಲಿದ್ದೀಯೋ ತಮ್ಮ? ಕಾಲರ್ ಮುಗದಾವ. ನಾಲ್ಕೂ ಮಂದಿ ಕೈ ಕಟ್ಕೊಂಡು ಕುಂತೀವಿ.”
ಬರಾಕತ್ತೀನಿ ಎಂದೆ. ಬಾಯಿಂದ ಬಂದುಬಿಟ್ಟಿತು.
ವಾಡಿ ಬಸ್ಸು ನನ್ನನ್ನು ಬಿಟ್ಟು ಹೊರಟಿತು. ನೋಡುತ್ತ ಕೂತೆ.
ಮುಂದಿನ ಬೆಂಚಿನಲ್ಲಿ ಕೂತವನ ಕಾಲರಿನ ತುದಿಯಲ್ಲಿ ದಾರ ಎದ್ದಿದೆ. ಸುಂದರಮ್ಮನಿಗೆ ಹೇಳಬೇಕು, ಆ ಮೂಲೆಯಲ್ಲಿ ಎರಡು ಹೊಲಿಗೆ ಹಿಂದಕ್ಕೆ ಹೋಗಿ ಬಿಗಿ ಮಾಡಿದರೆ—